ಕೊಂದವರು ಸಿಕ್ಕಿದ್ದು ಯುದ್ಧದಲ್ಲಲ್ಲ

2025ರ ಏಪ್ರಿಲ್ 24. ಶಿವಮೊಗ್ಗದ ರಸ್ತೆಯ ಎರಡೂ ಬದಿ ಜನ ನಿಂತಿದ್ದರು. ಎರಡು ದಿನದ ಹಿಂದೆ ಕಾಶ್ಮೀರದ ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರಿಂದ ಕೊಲೆಯಾದ 26 ಜನರಲ್ಲಿ ನಮ್ಮೂರಿನವರೂ ಒಬ್ಬರು. ರಜೆಗೆ ಅಂತ ಹೋದವರು ಪೆಟ್ಟಿಗೆಯಲ್ಲಿ ವಾಪಸ್ ಬಂದಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗ ಕಣ್ಣೊರೆಸಿಕೊಂಡು, "ಈ ಸಲ ಬಿಡಬಾರದು ಸಾರ್, ಯುದ್ಧ ಆಗಲೇಬೇಕು" ಅಂದ. ಅವನ ಸಿಟ್ಟು ನನ್ನೊಳಗೂ ಇತ್ತು. ಆದರೆ ಯುದ್ಧ ಬೇಡ ಅಂತಲೇ ಅನ್ನಿಸುತ್ತಿತ್ತು. ಹೆಣ ಕಣ್ಣೆದುರು ಹೋಗುತ್ತಿರುವಾಗ ಅದನ್ನು ಹೇಳುವುದು ಹೇಗೆ? ಸುಮ್ಮನಿದ್ದೆ. ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಭಯೋತ್ಪಾದನೆಗೆ ಯುದ್ಧವೇ ಉತ್ತರವೇ ಅನ್ನುವ ಪ್ರಶ್ನೆ ದೊಡ್ಡದಾಗಿ ಎದ್ದದ್ದು 2001ರ ಸೆಪ್ಟೆಂಬರ್ 11ರ ನಂತರ. ಅಮೆರಿಕದಲ್ಲಿ ಭಯೋತ್ಪಾದಕ ದಾಳಿಯಲ್ಲಿ ಒಂದೇ ಬೆಳಗ್ಗೆ ಸುಮಾರು 3,000 ಜನ ಸತ್ತರು. ಮೂರೇ ದಿನಕ್ಕೆ ಅಲ್ಲಿನ ಸಂಸತ್ತು ಅಧ್ಯಕ್ಷರಿಗೆ ಸೇನೆ ಬಳಸುವ ಅಧಿಕಾರ ಕೊಟ್ಟಿತು. ಕೆಳಮನೆಯಲ್ಲಿ ಪರವಾಗಿ 420 ಮತ, ವಿರುದ್ಧ ಒಂದು. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಕೊನೆಯೇ ಗೊತ್ತಿಲ್ಲದ ಯುದ್ಧಕ್ಕೆ ಕೈ ಹಾಕಬೇಡಿ, ನಾವು ಖಂಡಿಸುವ ಕೆಟ್ಟತನ ನಮಗೇ ಅಂಟಿಕೊಳ್ಳದಿರಲಿ ಅಂತ ಆಕೆ ಕೇಳಿಕೊಂಡರು. ದೇಶದ್ರೋಹಿ ಅನ್ನಿಸಿಕೊಂಡರು. ಕೊಲೆ ಬೆದರಿಕೆಗಳು ಬಂದವು.

ಮುಂದಿನದು ಎಲ್ಲರಿಗೂ ಗೊತ್ತು. ಅಫ್ಘಾನಿಸ್ತಾನದ ಯುದ್ಧ ಇಪ್ಪತ್ತು ವರ್ಷ ನಡೆಯಿತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಕಾಬೂಲ್‌ಗೆ ಬಂದು ಕೂತಿತು. 2003ರಲ್ಲಿ ಇರಾಕ್ ಮೇಲೆ ಬಿದ್ದರು. ಇವೆ ಅಂದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲೇ ಇಲ್ಲ. ಆ ದೇಶದ ಅವಶೇಷದ ಮೇಲೆ ಐಸಿಸ್ ಬೆಳೆಯಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರ ಲೆಕ್ಕದಂತೆ 9/11ರ ನಂತರದ ಯುದ್ಧಗಳಲ್ಲಿ ನೇರವಾಗಿ ಸತ್ತವರೇ ಸುಮಾರು 9 ಲಕ್ಷ. ಒಸಾಮ ಬಿನ್ ಲಾಡೆನ್ ಸಿಕ್ಕಿದ್ದು ಎಲ್ಲಿ? 2011ರಲ್ಲಿ, ಪಾಕಿಸ್ತಾನದ ಅಬೋಟಾಬಾದ್‌ನ ಒಂದು ಮನೆಯಲ್ಲಿ. ವರ್ಷಗಟ್ಟಲೆ ಸುಳಿವು ಹುಡುಕಿದ ಗುಪ್ತಚರರ ಕೆಲಸ ಅದು, ಒಂದು ರಾತ್ರಿಯ ಕಾರ್ಯಾಚರಣೆ.

ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. 9/11ರಲ್ಲಿ ಸತ್ತವರ ಮನೆಯವರೇ ಸೇರಿ 2002ರಲ್ಲಿ 'ಪೀಸ್‌ಫುಲ್ ಟುಮಾರೋಸ್' ಅಂತ ಸಂಘ ಕಟ್ಟಿದರು. ನಮ್ಮವರ ಹೆಸರಲ್ಲಿ ಬೇರೆಯವರ ಮನೆ ಸುಡಬೇಡಿ ಅನ್ನುವುದೇ ಅವರ ಮಾತಾಗಿತ್ತು. ಪಹಲ್ಗಾಮ್‌ನ ನಂತರ ನಮ್ಮಲ್ಲೂ ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ನ್ಯಾಯ ಬೇಕು, ಆದರೆ ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಬೀಳಬೇಡಿ, ನಮಗೆ ಶಾಂತಿ ಬೇಕು ಅಂದಳು. ಆಕೆಯನ್ನು ಎಷ್ಟು ಹೀನವಾಗಿ ಬೈದರು ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ. ಬೈಸರನ್‌ನಲ್ಲಿ ಸತ್ತ 26 ಜನರಲ್ಲಿ ಒಬ್ಬ ಅಲ್ಲಿಯದೇ ಕುದುರೆಯಾಳು, ಮುಸ್ಲಿಂ ಹುಡುಗ.

ನಮ್ಮ ದೇಶ ಎರಡೂ ದಾರಿ ನೋಡಿದೆ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದಾಗ ಲಕ್ಷಾಂತರ ಸೈನಿಕರನ್ನು ಗಡಿಗೆ ಕಳಿಸಿದರು. ಆಪರೇಷನ್ ಪರಾಕ್ರಮ್. ಸುಮಾರು ಹತ್ತು ತಿಂಗಳು ಹಾಗೇ ನಿಲ್ಲಿಸಿದ್ದರು. ಯುದ್ಧ ಆಗಲೇ ಇಲ್ಲ. ಆದರೂ ನೆಲಬಾಂಬ್ ಹೂಳುವಾಗ, ತೆಗೆಯುವಾಗ, ಅಪಘಾತಗಳಲ್ಲಿ ನೂರಾರು ಸೈನಿಕರು ಸತ್ತರು.

2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ 166 ಜನ ಸತ್ತರು. ಆಗಲೂ ಯುದ್ಧದ ಕೂಗು ಜೋರಾಗಿಯೇ ಇತ್ತು. ಸರ್ಕಾರ ಯುದ್ಧಕ್ಕೆ ಹೋಗಲಿಲ್ಲ. ಆಗಿನ ವಿದೇಶಾಂಗ ಕಾರ್ಯದರ್ಶಿ ಶಿವಶಂಕರ ಮೆನನ್ ಮೊದಲಿಗೆ ಪ್ರತಿದಾಳಿಯೇ ಆಗಬೇಕು ಅಂದವರು. ವರ್ಷಗಳ ನಂತರ, ಮಾಡದೇ ಇದ್ದದ್ದೇ ಸರಿ ಅಂತ ಬರೆದರು. ಮಾಡಿದ್ದರೆ ಜಗತ್ತು ಇದನ್ನು ಇನ್ನೊಂದು ಭಾರತ-ಪಾಕ್ ಜಗಳ ಅಂತ ಬದಿಗೆ ಸರಿಸುತ್ತಿತ್ತು ಅನ್ನುವುದು ಅವರ ವಾದ. ಲಾಠಿ ಹಿಡಿದ ಪೊಲೀಸ್ ತುಕಾರಾಂ ಓಂಬ್ಳೆ ಜೀವ ಕೊಟ್ಟು ದಾಳಿಕೋರರಲ್ಲೊಬ್ಬನಾದ ಕಸಬ್‌ನನ್ನು ಜೀವಂತ ಹಿಡಿಸಿದ್ದರು. ಅವನ ಮೇಲೆ ಬಹಿರಂಗ ವಿಚಾರಣೆ ನಡೆಯಿತು. ದಾಳಿಯ ಸಂಚಿನ ಒಂದು ಭಾಗ ತನ್ನ ನೆಲದಲ್ಲೇ ನಡೆದದ್ದು ಅಂತ ಪಾಕಿಸ್ತಾನ 2009ರಲ್ಲಿ ಒಪ್ಪಬೇಕಾಯಿತು. 2018ರಿಂದ ನಾಲ್ಕು ವರ್ಷ ಅದು ಭಯೋತ್ಪಾದನೆಗೆ ಹೋಗುವ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ ಬೂದು ಪಟ್ಟಿಯಲ್ಲಿ, ಅಂದರೆ ನಿಗಾ ಪಟ್ಟಿಯಲ್ಲಿ, ಇತ್ತು. ಆ ಬಿಗಿಯಲ್ಲೇ 2020ರಲ್ಲಿ, ದಾಳಿಯ ಸಂಚುಕೋರ ಅಂತ ಭಾರತ ಹೇಳುವ ಹಫೀಜ್ ಸಯೀದ್‌ಗೆ ಅಲ್ಲಿನ ಕೋರ್ಟೇ ಜೈಲು ಶಿಕ್ಷೆ ಕೊಟ್ಟಿತು. ಪೂರ್ತಿ ನ್ಯಾಯ ಸಿಕ್ಕಿತು ಅಂತ ನಾನು ಹೇಳುವುದಿಲ್ಲ. ನಿಧಾನವಾದ ದಾರಿ, ಆದರೆ ಅಷ್ಟು ದೂರ ಒಯ್ದದ್ದು ಅದೇ.

ಅಮೆರಿಕದ ರ‍್ಯಾಂಡ್ ಸಂಸ್ಥೆ 2008ರಲ್ಲಿ 1968ರಿಂದ 2006ರವರೆಗಿನ 648 ಭಯೋತ್ಪಾದಕ ಗುಂಪುಗಳ ಅಧ್ಯಯನ ಮಾಡಿತು. ಕೊನೆಗೊಂಡ ಗುಂಪುಗಳಲ್ಲಿ ಶೇ. 43 ರಾಜಕೀಯದ ದಾರಿಗೆ ಬಂದಿದ್ದವು. ಶೇ. 40 ಪೊಲೀಸ್ ಮತ್ತು ಗುಪ್ತಚರರ ಕೆಲಸದಿಂದ ಮುಗಿದಿದ್ದವು. ಸೇನೆಯಿಂದ ಮುಗಿದವು ಶೇ. 7 ಮಾತ್ರ.

ಮಲೆನಾಡಿನವರಿಗೆ ಇದು ಬರೀ ಅಂಕಿ ಅಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಲ್ಲಿ ಎಬ್ಬಿಸುತ್ತಾರೆ ಅನ್ನುವ ಭಯದ ನಡುವೆ ಇಲ್ಲಿ ನಕ್ಸಲ್ ಚಳವಳಿ ಬೇರೂರಿತು. 2005ರ ಫೆಬ್ರವರಿಯಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ವಾರ ಕಳೆಯುವುದರೊಳಗೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಕ್ಯಾಂಪ್ ಮೇಲೆ ದಾಳಿಯಾಯಿತು. ಸತ್ತವರು ನಮ್ಮ ನಿಮ್ಮ ಮನೆಯಂಥ ಮನೆಗಳ ಮಕ್ಕಳು. ಸೇಡಿಗೆ ಸೇಡು ಅಂತ ಸುಮಾರು ಇಪ್ಪತ್ತು ವರ್ಷ ಕಾಡಂಚಿನ ಜನ ಎರಡೂ ಕಡೆಯ ಬಂದೂಕಿನ ನಡುವೆ ಬದುಕಿದರು. 2025ರ ಜನವರಿ 8ರಂದು ಆರು ಜನ ನಕ್ಸಲರು ಮುಖ್ಯಮಂತ್ರಿಗಳ ಎದುರು ಶರಣಾದರು. ಅವರೊಂದಿಗೆ ಮಾತಾಡಿ ಒಪ್ಪಿಸಿದ ಸಮಿತಿಯಲ್ಲಿ ಶಿವಮೊಗ್ಗದ ವಕೀಲರೊಬ್ಬರೂ ಇದ್ದರು. ಗಡಿಯಾಚೆಯ ಭಯೋತ್ಪಾದನೆಯೂ ಇದೂ ಒಂದೇ ಅಲ್ಲ, ನಿಜ. ಆದರೆ ಬಂದೂಕು ಕೆಳಗಿಡಿಸಲು ಬೇರೆ ದಾರಿಯೂ ಇದೆ ಅನ್ನುವುದನ್ನು ನಾವು ಹತ್ತಿರದಿಂದ ನೋಡಿದ್ದೇವೆ.

ಮತ್ತೆ 2025ರ ಮೇ. 7ನೇ ತಾರೀಕು ಪಾಕಿಸ್ತಾನದ ಭಯೋತ್ಪಾದಕ ನೆಲೆಗಳ ಮೇಲೆ ಭಾರತದ ದಾಳಿ, ಆಪರೇಷನ್ ಸಿಂಧೂರ, ಶುರುವಾಯಿತು. ಪಾಕಿಸ್ತಾನದ ಶೆಲ್‌ಗಳು ಜಮ್ಮು ಗಡಿಯ ಪೂಂಛ್‌ನ ಮನೆಗಳ ಮೇಲೆ, ಗುರುದ್ವಾರದ ಮೇಲೆ ಬಿದ್ದವು. ಮಕ್ಕಳು ಸತ್ತರು. ಇಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ತಾರಸಿ ಮೇಲೆ ಹಲಸಿನ ಹಪ್ಪಳ ಒಣ ಹಾಕುತ್ತಿದ್ದರು. ಅವರ ಮಗ ಜಮ್ಮು ಕಡೆ ಡ್ಯೂಟಿಯಲ್ಲಿದ್ದ. ಫೋನನ್ನು ಚಾಪೆಯ ತುದಿಯಲ್ಲೇ ಇಟ್ಟುಕೊಂಡಿದ್ದರು. ಎರಡು ಹಪ್ಪಳಕ್ಕೊಮ್ಮೆ ಒದ್ದೆ ಕೈಯಲ್ಲೇ ಮುಟ್ಟಿ ನೋಡಿ ನೋಡಿ, ಸ್ಕ್ರೀನ್ ತುಂಬ ಹಿಟ್ಟಿನ ಬೆರಳಚ್ಚು. 8ರ ರಾತ್ರಿ ಕೆಲವು ಚಾನೆಲ್‌ಗಳು ಕರಾಚಿ ಬಂದರೇ ಧ್ವಂಸ ಅಂತ ಕೂಗಿದವು. ಸುಳ್ಳು ಅದು. ಬೀದಿಯಲ್ಲಿ ಯಾರೋ ಪಟಾಕಿ ಹೊಡೆದರು. ಅಕ್ಕ ಟಿವಿ ಆರಿಸಿ, "ಇವರ ಮಕ್ಕಳು ಯಾರೂ ಅಲ್ಲಿಲ್ಲ ಅಲ್ವಾ" ಅಂದರು. 10ರ ಸಂಜೆ ಕದನ ವಿರಾಮವಾಯಿತು. ಮಗನ ಫೋನ್ ಬಂದದ್ದು ಮರುದಿನ.

ಬೈಸರನ್‌ನಲ್ಲಿ ಗುಂಡು ಹಾರಿಸಿದ ಮೂವರು ಆ ನಾಲ್ಕು ದಿನಗಳಲ್ಲಿ ಸತ್ತಿರಲಿಲ್ಲ. ಕಾಶ್ಮೀರದ ಕಾಡಿನಲ್ಲೇ ಇದ್ದರು. ತಿಂಗಳುಗಟ್ಟಲೆ ಬೆನ್ನು ಹತ್ತಿದ ಭದ್ರತಾ ಪಡೆಗಳು ಜುಲೈ 28ರಂದು ಶ್ರೀನಗರದ ಹತ್ತಿರ ದಾಚಿಗಾಮ್ ಬಳಿ ಅವರನ್ನು ಕೊಂದವು. ಅವರ ರೈಫಲ್‌ಗಳನ್ನು ಚಂಡೀಗಢದ ಪ್ರಯೋಗಾಲಯಕ್ಕೆ ಕಳಿಸಿ, ಹುಲ್ಲುಗಾವಲಿನಲ್ಲಿ ಸಿಕ್ಕ ಗುಂಡಿನ ಖಾಲಿ ಕೋಶಗಳ ಜೊತೆ ತಾಳೆ ನೋಡಿದರು. ಹೊಂದಿತು. ಅವತ್ತು ಕಣ್ಣೊರೆಸಿಕೊಂಡು ನಿಂತಿದ್ದ ಆ ಹುಡುಗನಿಗೆ ಇದನ್ನು ಹೇಳಬೇಕು ಅಂತಿದೆ. ಇನ್ನೊಂದನ್ನೂ ಹೇಳಬೇಕು. ನೂರಾರು ಪ್ರವಾಸಿಗರಿದ್ದ ಆ ಹುಲ್ಲುಗಾವಲಿನಲ್ಲಿ ಒಬ್ಬ ಕಾವಲಿನವನೂ ಯಾಕಿರಲಿಲ್ಲ ಅಂತ ಸತ್ತವರ ಮನೆಯವರು ಮೊದಲ ದಿನವೇ ಕೇಳಿದ್ದರು. ಅದು ಭದ್ರತಾ ಲೋಪವೇ ಅಂತ ಜಮ್ಮು-ಕಾಶ್ಮೀರದ ಆಗಿನ ಲೆಫ್ಟಿನೆಂಟ್ ಗವರ್ನರ್ ಮನೋಜ್ ಸಿನ್ಹಾ ಒಪ್ಪಿಕೊಳ್ಳುವ ಹೊತ್ತಿಗೆ ಜುಲೈ ಬಂದಿತ್ತು.