ಸೂಜಿ ಅಡ್ಡಕ್ಕೆ ಯಾಕೆ ತಿರುಗುತ್ತದೆ? ಕಾಂತಕ್ಕೂ ಕರೆಂಟಿಗೂ ಇರುವ ನಂಟು ತಿಳಿದ ಬಗೆ

ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆಯ ದಿನ ಕೊಠಡಿಯೊಳಗೆ ಇಣುಕಿದರೆ ಒಂದಿಬ್ಬರಾದರೂ ಎಡಗೈಯ ಮೂರು ಬೆರಳು ಅಗಲಿಸಿ, ಮಣಿಕಟ್ಟು ತಿರುಚಿಕೊಂಡು ಕೂತಿರುತ್ತಾರೆ. ಫ್ಲೆಮಿಂಗನ ಎಡಗೈ ನಿಯಮ. ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ಕರೆಂಟು, ಹೆಬ್ಬೆರಳು ತಂತಿಯನ್ನು ತಳ್ಳುವ ಬಲದ ದಿಕ್ಕು. ನಿಯಮವೇನೋ ಬಾಯಿಪಾಠ ಆಗಿರುತ್ತದೆ. ಆದರೆ ಬಲ ಹೀಗೆ ಅಡ್ಡಕ್ಕೆ ಯಾಕೆ ಬರಬೇಕು ಅಂತ ಕೇಳಿದರೆ ತಡವರಿಸುತ್ತಾರೆ. ಇನ್ನೊಂದು ತೊಡಕೂ ಇದೆ. ತಂತಿಯ ಸುರುಳಿಯೊಳಗೆ ಕಾಂತವನ್ನು ಸುಮ್ನೆ ಇಟ್ಟರೆ ಕರೆಂಟು ಬರುವುದಿಲ್ಲ, ಅಲ್ಲಾಡಿಸಿದರೆ ಮಾತ್ರ ಬರುತ್ತದೆ. ಅದ್ಯಾಕೆ?

ಮಕ್ಕಳು ಇಲ್ಲಿ ಎಡವುವುದು ದಡ್ಡತನವಲ್ಲ. ಯುರೋಪಿನ ಘಟಾನುಘಟಿ ವಿಜ್ಞಾನಿಗಳು ಎಡವಿದ್ದೂ ಇದೇ ಎರಡು ಜಾಗಗಳಲ್ಲಿ. ಮೊದಲನೆಯದನ್ನು ದಾಟಲು 20 ವರ್ಷ ಹಿಡಿಯಿತು, ಎರಡನೆಯದಕ್ಕೆ 11.

ಸೂಜಿಗಲ್ಲು ಕಬ್ಬಿಣವನ್ನು ಸೆಳೆಯುತ್ತದೆ ಅನ್ನುವುದು ಬಹಳ ಹಳೆಯ ತಿಳಿವಳಿಕೆ. 1269ರಲ್ಲಿ ಪೀಟರ್ ಪೆರೆಗ್ರಿನಸ್ ಎಂಬ ಫ್ರೆಂಚ್ ವಿದ್ವಾಂಸ ಇಟಲಿಯ ಲುಚೇರಾ ಊರಿಗೆ ಮುತ್ತಿಗೆ ಹಾಕಿದ್ದ ಸೇನೆಯ ಜೊತೆಗಿದ್ದ. ಅಲ್ಲಿಂದಲೇ ಒಂದು ಉದ್ದನೆಯ ಕಾಗದ ಬರೆದ. ಕಾಂತಕ್ಕೆ ಎರಡು ಧ್ರುವಗಳಿವೆ, ತುಂಡು ಮಾಡಿದರೆ ಒಂದೊಂದು ತುಂಡೂ ಎರಡು ಧ್ರುವಗಳ ಕಾಂತವೇ ಆಗುತ್ತದೆ ಎಂದು ಅದರಲ್ಲಿದೆ. ಇವತ್ತಿನ ಪಠ್ಯದಲ್ಲಿ ಇರುವುದೂ ಅದೇ.

1600ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಿಲ್ಬರ್ಟ್ ಕಾಂತದ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಭೂಮಿಯೇ ಒಂದು ಕಾಂತ ಅಂತ ತೋರಿಸಿದ್ದು ಅವನೇ. ಬೆಳ್ಳುಳ್ಳಿ ಸವರಿದರೆ ಕಾಂತದ ಶಕ್ತಿ ಹೋಗುತ್ತದೆ ಎಂಬ ಮಾತನ್ನು ಜನ ಆಗಲೂ ನಂಬುತ್ತಿದ್ದರು. ಅದು ಶುದ್ಧ ಸುಳ್ಳು ಎಂದು ಗಿಲ್ಬರ್ಟ್ ಬರೆದ. ಅದೇ ಪುಸ್ತಕದಲ್ಲಿ ಅವನು ಇನ್ನೊಂದು ಕೆಲಸವನ್ನೂ ಮಾಡಿದ. ಉಜ್ಜಿದ ಅಂಬರು (ಕಲ್ಲಿನಂತೆ ಗಟ್ಟಿಯಾದ ಮರದ ಅಂಟು) ಹುಲ್ಲುಕಡ್ಡಿಯನ್ನು ಸೆಳೆಯುವುದೇ ಬೇರೆ, ಕಾಂತ ಕಬ್ಬಿಣವನ್ನು ಸೆಳೆಯುವುದೇ ಬೇರೆ ಎಂದು ಗೆರೆ ಎಳೆದ. ಅಂಬರಿನದು ವಿದ್ಯುತ್ತಿನ ಸೆಳೆತ. ಅಂಬರನ್ನು ಉಜ್ಜಬೇಕು, ಕಾಂತವನ್ನು ಉಜ್ಜಬೇಕಿಲ್ಲ. ಅಂಬರಿಗೆ ತೇವ ತಗುಲಿದರೆ ಸೆಳೆತ ನಿಲ್ಲುತ್ತದೆ, ಕಾಂತ ನೀರೊಳಗೂ ಸೆಳೆಯುತ್ತದೆ. ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ಹಾಗಾಗಿಯೇ ಆ ಗೆರೆಯನ್ನು ಅಳಿಸಲು ಇನ್ನೂರು ವರ್ಷ ಯಾರಿಗೂ ಆಗಲಿಲ್ಲ. 1780ರ ದಶಕದಲ್ಲಿ ಎರಡೂ ಬಲಗಳನ್ನು ಅಳೆದ ಫ್ರೆಂಚ್ ವಿಜ್ಞಾನಿ ಕೂಲಂಬ್ ಕೂಡ ಇವು ಬೇರೆ ಬೇರೆ ಎಂದೇ ಸಾರಿದ. ಅಂಥವನ ಮಾತನ್ನು ತೆಗೆದುಹಾಕುವವರು ಯಾರು?

ಸುಳಿವುಗಳು ಇರಲಿಲ್ಲ ಅಂತಲ್ಲ. ಸಿಡಿಲು ಬಡಿದ ಹಡಗಿನಲ್ಲಿ ದಿಕ್ಸೂಚಿಯ ಸೂಜಿಯ ಧ್ರುವಗಳು ಅದಲುಬದಲಾಗುವುದು ನಾವಿಕರಿಗೆ ಗೊತ್ತಿತ್ತು. ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿ ಒಬ್ಬ ವ್ಯಾಪಾರಿಯ ಪೆಟ್ಟಿಗೆಗೆ ಸಿಡಿಲು ಹೊಡೆದು, ಒಳಗಿದ್ದ ಚಾಕು, ಫೋರ್ಕುಗಳೆಲ್ಲ ಕಾಂತಗಳಾಗಿದ್ದವು. 1735ರಲ್ಲಿ ಆ ಸುದ್ದಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲೇ ಅಚ್ಚಾಗಿತ್ತು.

1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಬ್ಯಾಟರಿ ಕಟ್ಟಿದ. ಒಂದೇ ಸಮ ಹರಿಯುವ ಕರೆಂಟು ಮೊದಲ ಬಾರಿಗೆ ಕೈಗೆ ಸಿಕ್ಕಿತು. ಬ್ಯಾಟರಿ, ತಂತಿ, ದಿಕ್ಸೂಚಿ ಮೂರೂ ಒಂದೇ ಮೇಜಿನ ಮೇಲೆ ಇದ್ದವು. ಆದರೂ 20 ವರ್ಷ ಏನೂ ಕಾಣಲಿಲ್ಲ. ಹುಡುಕಲಿಲ್ಲವೆಂದಲ್ಲ, ಹುಡುಕಿದ ಜಾಗ ತಪ್ಪಾಗಿತ್ತು. 1805ರಲ್ಲಿ ಫ್ರಾನ್ಸಿನ ಅಶೆಟ್ ಮತ್ತು ದೆಸೋರ್ಮ್ ಎಂಬಿಬ್ಬರು ದೊಡ್ಡ ಬ್ಯಾಟರಿಯನ್ನೇ ನೀರಲ್ಲಿ ತೇಲಿಬಿಟ್ಟು, ಅದು ದಿಕ್ಸೂಚಿಯ ಹಾಗೆ ಉತ್ತರಕ್ಕೆ ತಿರುಗುತ್ತದೆಯೇ ಎಂದು ಕಾದರು. ತಿರುಗಲಿಲ್ಲ. ಎರಡು ತುದಿಗಳನ್ನು ತಂತಿಯಿಂದ ಜೋಡಿಸಿರಲೇ ಇಲ್ಲ, ಕರೆಂಟೇ ಹರಿಯುತ್ತಿರಲಿಲ್ಲ.

ಇನ್ನೂ ದೊಡ್ಡ ಅಡ್ಡಿ ತಲೆಯೊಳಗೇ ಇತ್ತು. ಆವರೆಗೆ ಗೊತ್ತಿದ್ದ ಬಲಗಳೆಲ್ಲ ನೇರ ಗೆರೆಯವು. ಭೂಮಿ ಚಂದ್ರನನ್ನು ತನ್ನ ಕಡೆಗೇ ಎಳೆಯುತ್ತದೆ. ಎರಡು ವಿದ್ಯುದಾವೇಶಗಳು ಒಂದನ್ನೊಂದು ನೇರವಾಗಿ ಸೆಳೆಯುತ್ತವೆ, ಇಲ್ಲವೇ ತಳ್ಳುತ್ತವೆ. ಹಾಗಾಗಿ ತಂತಿಗೆ ಕಾಂತದ ಗುಣ ಇದ್ದರೆ ಸೂಜಿಯ ಮೊನೆ ತಂತಿಯ ಕಡೆಗೆ ವಾಲಬೇಕು ಎಂದೇ ಯಾರಾದರೂ ಎಣಿಸುತ್ತಾರೆ. ಅದು ವಾಲುವುದಿಲ್ಲ.

1820ರ ವಸಂತದಲ್ಲಿ ಕೋಪನ್‌ಹೇಗನ್ನಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್ ಪಾಠ ಮಾಡುತ್ತಿದ್ದಾಗ ತಂತಿಯ ಕೆಳಗಿದ್ದ ಸೂಜಿ ಒಂಚೂರು ಅಲುಗಿತು. ಅಲುಗಾಟ ಎಷ್ಟು ಸಣ್ಣದಿತ್ತೆಂದರೆ ಕೂತವರಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಜುಲೈನಲ್ಲಿ ಓರ್‌ಸ್ಟೆಡ್ ದೊಡ್ಡ ಬ್ಯಾಟರಿ ಇಟ್ಟುಕೊಂಡು ಮತ್ತೆ ನೋಡಿದ. ಸೂಜಿ ತಂತಿಯ ಕಡೆಗೂ ಬರಲಿಲ್ಲ, ದೂರಕ್ಕೂ ಹೋಗಲಿಲ್ಲ. ಅಡ್ಡಕ್ಕೆ ತಿರುಗಿತು. ತಂತಿಯನ್ನು ಸೂಜಿಯ ಮೇಲಿನಿಂದ ತೆಗೆದು ಕೆಳಗಿಟ್ಟರೆ ಎದುರು ದಿಕ್ಕಿಗೆ ತಿರುಗಿತು. ಅಂದರೆ ತಂತಿಯ ಸುತ್ತ ಏನೋ ಸುತ್ತುಹಾಕುತ್ತಿದೆ. ಜುಲೈ 21ಕ್ಕೆ ಲ್ಯಾಟಿನ್‌ನಲ್ಲಿ ನಾಲ್ಕು ಪುಟ ಬರೆದು ಯುರೋಪಿಗೆಲ್ಲ ಕಳಿಸಿದ.

ಇದನ್ನು ಮನೆಯಲ್ಲೇ ನೋಡಬಹುದು. 1 ಆಂಪಿಯರ್ ಕರೆಂಟು ಹರಿಯುವ ಉದ್ದ ತಂತಿಯಿಂದ 1 ಸೆಂ.ಮೀ. ದೂರದಲ್ಲಿ ಕಾಂತಕ್ಷೇತ್ರ 20 ಮೈಕ್ರೊಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ) ಇರುತ್ತದೆ. ನಮ್ಮ ಕಡೆ ಭೂಮಿಯದು 40ರ ಆಸುಪಾಸು. ತಂತಿಯನ್ನು ಸೂಜಿಯ ಮೇಲೆ ಉತ್ತರ-ದಕ್ಷಿಣವಾಗಿ ಹಿಡಿದರೆ ಸೂಜಿ ಸುಮಾರು 25 ಡಿಗ್ರಿ ತಿರುಗುತ್ತದೆ. ಪೂರ್ವ-ಪಶ್ಚಿಮವಾಗಿ ಹಿಡಿದರೆ ಅಲುಗುವುದೇ ಇಲ್ಲ, ಯಾಕೆಂದರೆ ತಂತಿಯ ಕ್ಷೇತ್ರವೂ ಆಗ ಉತ್ತರ-ದಕ್ಷಿಣದ ಗೆರೆಯಲ್ಲೇ ಬೀಳುತ್ತದೆ. ಕೆಲವೊಮ್ಮೆ ಪ್ರಯೋಗ ಕೈಕೊಡುವುದಕ್ಕೆ ಇಷ್ಟೇ ಕಾರಣ. ಸೆಲ್ಲಿಗೆ ತಂತಿಯನ್ನು ಒಂದೆರಡು ಸೆಕೆಂಡು ಮಾತ್ರ ತಾಗಿಸಿ, ಬೇಗ ಬಿಸಿಯಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ಸುದ್ದಿ ಪ್ಯಾರಿಸ್ ತಲುಪಿತು. ಅಲ್ಲಿನ ವಿಜ್ಞಾನಿ ಆಂಪಿಯರ್ ಕೆಲವೇ ವಾರಗಳಲ್ಲಿ ಇದಕ್ಕೊಂದು ಗಣಿತವನ್ನೇ ಕಟ್ಟತೊಡಗಿದ. ಅಕ್ಕಪಕ್ಕ ಒಂದೇ ದಿಕ್ಕಿಗೆ ಕರೆಂಟು ಹರಿಯುವ ಎರಡು ತಂತಿಗಳು ಒಂದನ್ನೊಂದು ಸೆಳೆಯುತ್ತವೆ ಎಂದು ತೋರಿಸಿದ. ಕಬ್ಬಿಣದ ಒಳಗೂ ಪುಟ್ಟ ಪುಟ್ಟ ಕರೆಂಟುಗಳು ಸುತ್ತುತ್ತಿರಬೇಕು, ಕಾಂತ ಅಂದರೆ ಅದೇ ಎಂದು ಊಹಿಸಿದ. ದಿಕ್ಕು ನೆನಪಿಡಲು ಅವನದ್ದೂ ಒಂದು ಉಪಾಯವಿತ್ತು. ಕರೆಂಟಿನ ಜೊತೆ ಒಬ್ಬ ಈಜುತ್ತಿದ್ದಾನೆ, ಮುಖ ಸೂಜಿಯ ಕಡೆಗಿದೆ ಎಂದುಕೊಳ್ಳಿ. ಸೂಜಿಯ ಉತ್ತರ ತುದಿ ಅವನ ಎಡಗೈ ಕಡೆಗೆ ತಿರುಗುತ್ತದೆ. ಬೆರಳು ತಿರುಚುವುದಕ್ಕಿಂತ ಈ ಈಜುಗಾರನೇ ವಾಸಿ ಅನ್ನಿಸುತ್ತದೆ ನನಗೆ.

ಲಂಡನ್ನಿನ ಮೈಕೇಲ್ ಫ್ಯಾರಡೆಗೆ ಗಣಿತ ಅಷ್ಟಾಗಿ ಬರುತ್ತಿರಲಿಲ್ಲ. ಅವನು ಅಡ್ಡಬಲವನ್ನು ಇದ್ದ ಹಾಗೆಯೇ ಒಪ್ಪಿಕೊಂಡ. ಸುತ್ತುತ್ತದೆ ಎಂದಾದರೆ ಸುತ್ತಲಿ ಎಂದು 1821ರಲ್ಲಿ ಪಾದರಸದ ಬಟ್ಟಲಲ್ಲಿ ಕಾಂತ ನಿಲ್ಲಿಸಿ, ಮೇಲಿನಿಂದ ತಂತಿ ಇಳಿಬಿಟ್ಟು ಕರೆಂಟು ಕೊಟ್ಟ. ತಂತಿ ಕಾಂತದ ಸುತ್ತ ತಿರುಗತೊಡಗಿತು. ಮೊದಲ ಮೋಟಾರು ಅದೇ.

ಇನ್ನು ಎರಡನೇ ತೊಡಕು. ಕರೆಂಟಿನಿಂದ ಕಾಂತ ಬಂದರೆ ಕಾಂತದಿಂದ ಕರೆಂಟು ಬರಬೇಕಲ್ವಾ? ಎಲ್ಲರೂ ಹಾಗೇ ಅಂದುಕೊಂಡರು. ಸ್ಥಿರ ವಿದ್ಯುತ್ತಿನಲ್ಲಿ ಆವೇಶ ಇರುವ ವಸ್ತುವನ್ನು ಹತ್ತಿರ ಇಟ್ಟರೆ ಸಾಕು, ಪಕ್ಕದ್ದರಲ್ಲೂ ಆವೇಶ ಹುಟ್ಟುತ್ತದೆ, ಇಟ್ಟಷ್ಟು ಹೊತ್ತೂ ಇರುತ್ತದೆ. ಅದೇ ಲೆಕ್ಕದಲ್ಲಿ ತಂತಿಯ ಪಕ್ಕ ಬಲವಾದ ಕಾಂತ ಇಟ್ಟು ಕಾದರು. 1825ರಲ್ಲಿ ಜಿನೀವಾದ ಕೊಲಾಡನ್ ಸುರುಳಿಯೊಳಗೆ ಕಾಂತ ತೂರಿಸಿದ. ಕಾಂತವೇ ನೇರವಾಗಿ ಸೂಜಿಯನ್ನು ಅಲುಗಿಸಬಾರದು ಎಂಬ ಎಚ್ಚರದಿಂದ ಗ್ಯಾಲ್ವನೋಮೀಟರನ್ನು (ಕರೆಂಟು ಬಂದರೆ ಸೂಜಿ ಅಲುಗಿ ತೋರಿಸುವ ಉಪಕರಣ) ಪಕ್ಕದ ಕೋಣೆಯಲ್ಲಿ ಇಟ್ಟಿದ್ದ. ಕಾಂತ ತೂರಿಸಿ, ನಡೆದು ಹೋಗಿ ನೋಡುವಷ್ಟರಲ್ಲಿ ಸೂಜಿ ಅಲುಗಿ ವಾಪಸ್ ಬಂದಾಗಿತ್ತು. ಸಹಾಯಕ್ಕೆ ಒಬ್ಬ ಹುಡುಗ ಇದ್ದಿದ್ದರೆ ಈ ಶೋಧಕ್ಕೆ ಕೊಲಾಡನ್ ಹೆಸರು ಇರುತ್ತಿತ್ತೇನೋ.

1831ರ ಆಗಸ್ಟ್ 29ರಂದು ಫ್ಯಾರಡೆ ಕಬ್ಬಿಣದ ಬಳೆಯ ಎರಡು ಬದಿಗೂ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ ತಾಗಿಸಿದ. ಇನ್ನೊಂದು ಸುರುಳಿಗೆ ಜೋಡಿಸಿದ್ದ ತಂತಿಯ ಬಳಿಯ ಸೂಜಿ ಒಮ್ಮೆ ಜಿಗಿದು ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಎದುರು ದಿಕ್ಕಿಗೆ ಜಿಗಿಯಿತು. ನಡುವೆ ಕರೆಂಟು ಹರಿಯುತ್ತಿದ್ದ ಅಷ್ಟೂ ಹೊತ್ತು ಏನೂ ಇಲ್ಲ. ಅಕ್ಟೋಬರ್ 17ಕ್ಕೆ ಬ್ಯಾಟರಿಯನ್ನೂ ಬಿಟ್ಟ. ಸುರುಳಿಯೊಳಗೆ ಕಾಂತವನ್ನು ನುಗ್ಗಿಸಿದ, ಎಳೆದ. ಎರಡು ಸಲವೂ ಕರೆಂಟು ಬಂತು. ಬೇಕಾಗಿದ್ದು ಕಾಂತವಲ್ಲ, ಅದರ ಕ್ಷೇತ್ರದ ಬದಲಾವಣೆ.

ಈಗ ಹಿಂತಿರುಗಿ ನೋಡಿದರೆ ಹೀಗಲ್ಲದೆ ಬೇರೆ ಹೇಗೂ ಇರಲು ಸಾಧ್ಯವಿಲ್ಲ ಅಂತ ತಿಳಿಯುತ್ತದೆ. ಸುಮ್ನೆ ಇಟ್ಟ ಕಾಂತ ದಿನಗಟ್ಟಲೆ ಕರೆಂಟು ಕೊಟ್ಟರೆ ಬಲ್ಬು ಪುಕ್ಕಟೆ ಉರಿಯುತ್ತದೆ. ಶಕ್ತಿ ಎಲ್ಲಿಂದ ಬರಬೇಕು? ಕಾಂತವನ್ನು ದೂಡುವ ಕೈಯಿಂದ. 1834ರಲ್ಲಿ ರಷ್ಯಾದ ವಿಜ್ಞಾನಿ ಲೆಂಜ್ ಹೇಳಿದ ನಿಯಮ ಇದಕ್ಕೆ ಹೊಂದುತ್ತದೆ. ಹುಟ್ಟಿದ ಕರೆಂಟು ಆ ದೂಡುವಿಕೆಯನ್ನೇ ತಡೆಯುತ್ತದೆ. ತಾಮ್ರದ ಕೊಳವೆಯೊಳಗೆ ಬಲವಾದ ಕಾಂತ ಬಿಟ್ಟರೆ ಅದು ನಿಧಾನವಾಗಿ ಇಳಿಯುವುದು ಈ ತಡೆಯಿಂದಲೇ. ಆದರೆ ಶಕ್ತಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂಬ ಮಾತು ಗಟ್ಟಿಯಾದದ್ದು 1840ರ ದಶಕದಲ್ಲಿ. ಫ್ಯಾರಡೆಯ ಕಾಲದವರ ಕೈಯಲ್ಲಿ ಆ ದೀಪ ಇರಲಿಲ್ಲ.

ಫ್ಯಾರಡೆಯ ಆ ಬಳೆಯೇ ಇಂದಿನ ಟ್ರಾನ್ಸ್‌ಫಾರ್ಮರ್. ಬದಲಾವಣೆ ಬೇಕೇ ಬೇಕು ಅನ್ನುವುದರಿಂದಲೇ ಅದು ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟಿಗೆ ಮಾತ್ರ ಕೆಲಸ ಮಾಡುತ್ತದೆ, ಒಂದೇ ಸಮ ಹರಿಯುವ ಡಿಸಿಗೆ ಇಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರು ಜನರೇಟರ್ ತಿರುಗಿಸಿದಾಗ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಲು ಸಾಧ್ಯವಾದದ್ದು ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜು ಏರಿಸಿದ್ದರಿಂದ. ವೋಲ್ಟೇಜು ಜಾಸ್ತಿ ಆದರೆ ಅಷ್ಟೇ ಶಕ್ತಿಗೆ ಕರೆಂಟು ಕಡಿಮೆ ಸಾಕು, ತಂತಿ ಬಿಸಿಯಾಗುವುದೂ ಕಡಿಮೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದೂ ಅಲ್ಲಿಂದಲೇ. ಇಷ್ಟೆಲ್ಲ ಇರುವಾಗ ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಹಗುರ ಮಾಡುವ ಹೊತ್ತಿಗೆ ಹತ್ತನೇ ತರಗತಿಯಿಂದ ಮೋಟಾರು, ಪ್ರೇರಣೆ (ಕಾಂತಕ್ಷೇತ್ರ ಬದಲಾದಾಗ ಕರೆಂಟು ಹುಟ್ಟುವುದು), ಜನರೇಟರ್ ಮೂರನ್ನೂ ಕೈಬಿಟ್ಟದ್ದು ನನಗಂತೂ ಸರಿ ಕಾಣಲಿಲ್ಲ. ಉಳಿದದ್ದು ಬಾಯಿಪಾಠದ ಭಾಗ, ಹೋದದ್ದು ಕುತೂಹಲದ ಭಾಗ.

ಓರ್‌ಸ್ಟೆಡ್ ಕಂಡ ಅಲುಗಾಟ ನಮ್ಮ ದೇಶದಲ್ಲಿ ಒಂದು ಕಚೇರಿಯನ್ನೇ ಎತ್ತಂಗಡಿ ಮಾಡಿಸಿದ್ದೂ ಇದೆ. ಬೊಂಬಾಯಿಯ ಕೊಲಾಬಾದಲ್ಲಿ 1840ರ ದಶಕದಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದರು. ಹೊಸ ಶತಮಾನದ ಹೊತ್ತಿಗೆ ಊರಿನ ಕುದುರೆ ಟ್ರಾಮುಗಳನ್ನು ಕರೆಂಟಿಗೆ ಬದಲಿಸುವ ಮಾತು ಬಂತು. ಟ್ರಾಮಿನ ಕರೆಂಟು ಸೂಜಿಗಳನ್ನು ಅಲುಗಿಸಿದರೆ ಅಳತೆ ಹಾಳು. ಅದಕ್ಕೇ ಕೊಲ್ಲಿಯ ಆಚೆಗಿನ ಅಲಿಬಾಗ್‌ನಲ್ಲಿ, ಕಾಂತಕ್ಕೆ ಸೆಳೆಯಲಾಗದ ಸಾಮಾನುಗಳಿಂದಲೇ ಹೊಸ ವೀಕ್ಷಣಾಲಯ ಕಟ್ಟಿದರು. ಎರಡೂ ಕಡೆಯ ಅಳತೆ ತಾಳೆಯಾಗಲಿ ಎಂದು 1904ರಿಂದ ಎರಡು ವರ್ಷ ಎರಡನ್ನೂ ಜೊತೆಯಲ್ಲೇ ನಡೆಸಿದರು. ಕರೆಂಟಿನ ಟ್ರಾಮು 1907ರಲ್ಲಿ ಓಡಿತು, 1964ರಲ್ಲಿ ನಿಂತಿತು. ಅಲಿಬಾಗ್‌ನಲ್ಲಿ ಅಳತೆ ಈಗಲೂ ನಡೆಯುತ್ತಿದೆ.