ಬೆಳಕು, ಶಾಖ ಬಿಟ್ಟು ಸೂರ್ಯ ಇನ್ನೇನು ಕೊಡುತ್ತಾನೆ?

ಪ್ರಶ್ನೆ: ನಾನು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಸೂರ್ಯ ಯಾಕೆ ಬೇಕು ಅಂತ ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ "ಬೆಳಕು, ಶಾಖ ಕೊಡುತ್ತಾನೆ" ಅನ್ನುತ್ತದೆ. ಅಲ್ಲಿಗೆ ಪಾಠ ಮುಗಿದು ಹೋಗುತ್ತದೆ. ಇದಕ್ಕಿಂತ ಮುಂದೆ ಹೋಗುವುದು ಹೇಗೆ?

ಉತ್ತರ: ಮಕ್ಕಳು ಹೇಳಿದ್ದು ತಪ್ಪಲ್ಲ, ಆದರೆ ಅದು ಬಾಯಿಪಾಠ. ಬೆಳಕು ಕಣ್ಣಿಗೆ ಕಾಣುತ್ತದೆ, ಶಾಖ ಮೈಗೆ ತಾಗುತ್ತದೆ. ಯಾರೂ ಹೇಳಿಕೊಡದೆ ಗೊತ್ತಾಗದಿರುವುದು ಒಂದೇ: ನಾವು ತಿನ್ನುವ ಊಟಕ್ಕೂ ಸೂರ್ಯನಿಗೂ ಇರುವ ನಂಟು. ಗ್ರಹಗಳ ಚಿತ್ರ, ದೊಡ್ಡ ದೊಡ್ಡ ಸಂಖ್ಯೆ ಎಲ್ಲ ಆಮೇಲೆ ಬರಲಿ. ನೀವು ಊಟದಿಂದ ಶುರು ಮಾಡಿ.

ಇವತ್ತು ಏನು ತಿಂದಿರಿ ಅಂತ ಕೇಳಿ. ಅದು ಎಲ್ಲಿಂದ ಬಂತು, ಅದಕ್ಕೂ ಮೊದಲು ಎಲ್ಲಿತ್ತು ಅಂತ ಹಿಂದೆ ಹಿಂದೆ ಹೋಗಿ. ಮೊಟ್ಟೆ ಇಟ್ಟದ್ದು ಕೋಳಿ, ಕೋಳಿ ತಿಂದದ್ದು ಕಾಳು, ಕಾಳು ಬಿಟ್ಟದ್ದು ಗಿಡ. ಹಾಲು ಕೊಟ್ಟ ಹಸು ಮೇದದ್ದು ಹುಲ್ಲು. ದೊಡ್ಡ ಮೀನು ಸಣ್ಣ ಮೀನನ್ನು ತಿಂದಿತು, ಸಣ್ಣದು ನೀರಿನ ಹುಳವನ್ನು ತಿಂದಿತು, ಹುಳ ಪಾಚಿ ತಿಂದಿತು. ಯಾವ ದಾರಿ ಹಿಡಿದರೂ ಕೊನೆಗೆ ಹಸಿರೇ ಸಿಗುತ್ತದೆ. ತುಂಟ ಮಗುವೊಂದು "ಉಪ್ಪು?" ಅಂತ ಕೇಳಿಯೇ ಕೇಳುತ್ತದೆ. ಕೇಳಲಿ ಬಿಡಿ. ಉಪ್ಪು ಗಿಡದಿಂದ ಬಂದದ್ದಲ್ಲ, ಅದನ್ನು ತಿಂದರೆ ಓಡುವ ಆಡುವ ಶಕ್ತಿಯೂ ಬರುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ನಾವು ಗಿಡ ತಿಂದೆವು, ಸರಿ. ಗಿಡ ಏನು ತಿನ್ನುತ್ತದೆ? ಹೆಚ್ಚಿನ ಮಕ್ಕಳು "ಮಣ್ಣು" ಅನ್ನುತ್ತಾರೆ. ದೊಡ್ಡವರೂ ಜಾಸ್ತಿ ಜನ ಹಾಗೇ ಅಂದುಕೊಂಡಿರುತ್ತಾರೆ, ಅಲ್ವಾ? ಇಲ್ಲಿ ಅವಸರ ಮಾಡಬೇಡಿ. ಒಂದು ಹಳೆಯ ಕಥೆ ಹೇಳಿ. ಸುಮಾರು 400 ವರ್ಷಗಳ ಹಿಂದೆ ಈಗಿನ ಬೆಲ್ಜಿಯಂನಲ್ಲಿದ್ದ ವಾನ್ ಹೆಲ್ಮಾಂಟ್ ಎಂಬ ವೈದ್ಯ ಒಂದು ಕುಂಡದಲ್ಲಿ ಸುಮಾರು 90 ಕಿಲೋ ಒಣ ಮಣ್ಣು ತೂಗಿ ಹಾಕಿದ. ಅದರಲ್ಲಿ ಎರಡು ಚಿಲ್ಲರೆ ಕಿಲೋ ತೂಕದ ವಿಲೋ ಸಸಿ ನೆಟ್ಟ. 5 ವರ್ಷ ನೀರು ಹಾಕಿದ. ಗಿಡ ಸುಮಾರು 77 ಕಿಲೋ ಆಯಿತು. ಮಣ್ಣನ್ನು ಒಣಗಿಸಿ ಮತ್ತೆ ತೂಗಿದರೆ 60 ಗ್ರಾಂನಷ್ಟೂ ಕಡಿಮೆ ಆಗಿರಲಿಲ್ಲ!

ಹಾಗಾದರೆ ಅಷ್ಟು ತೂಕ ಎಲ್ಲಿಂದ ಬಂತು? ಮಕ್ಕಳು ತಲೆ ಕೆಡಿಸಿಕೊಳ್ಳಲಿ. ಬರೀ ನೀರಿನಿಂದ ಬಂತು ಅಂತ ಹೆಲ್ಮಾಂಟ್ ತೀರ್ಮಾನಿಸಿದ. ಅದು ಅರ್ಧ ಮಾತ್ರ ಸರಿ. ಗಾಳಿಯ ಕಡೆ ಅವನ ಗಮನ ಹೋಗಲಿಲ್ಲ. ಎಲೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ಬೇರಿನಿಂದ ನೀರು ತರಿಸಿಕೊಳ್ಳುತ್ತದೆ. ಎರಡನ್ನೂ ಸೇರಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಮಣ್ಣಿನಿಂದ ಬೇಕಾದದ್ದು ಚೂರುಪಾರು ಲವಣ. ಈ ಕೆಲಸ ನಡೆಯಬೇಕಾದರೆ ಬಿಸಿಲು ಇರಲೇಬೇಕು. 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ನೋಡಿದ. ಬಿಸಿಲಿನಲ್ಲಿ ಗುಳ್ಳೆ ಎದ್ದವು, ಕತ್ತಲಲ್ಲಿ ನಿಂತವು. ಆ ಗುಳ್ಳೆಗಳಲ್ಲಿದ್ದದ್ದು ನಾವು ಉಸಿರಾಡುವ ಆಕ್ಸಿಜನ್. ಅಂದರೆ ಊಟದ ಜೊತೆಗೆ ಉಸಿರೂ ಅದೇ ಎಲೆಯಿಂದ ಬಂತು.

ಇದನ್ನು ಕೈಯಾರೆ ಮಾಡಿ ನೋಡಲು ಎರಡು ಕುಂಡ, ಒಂದು ಹಿಡಿ ಕಾಳು ಸಾಕು. ಎರಡರಲ್ಲೂ ಬಿತ್ತಿ. ಒಂದನ್ನು ಬಿಸಿಲಿಗೆ ಇಡಿ, ಇನ್ನೊಂದನ್ನು ಮುಚ್ಚಿದ ಬೀರುವಿಗೆ ಸೇರಿಸಿ. ಎರಡಕ್ಕೂ ನೀರು ಹಾಕಿ. ಆದರೆ ಮೊದಲೇ ಎಚ್ಚರಿಸುತ್ತೇನೆ: ಒಂದು ವಾರ ಕಳೆದು ನೋಡಿದರೆ ಕತ್ತಲಲ್ಲಿದ್ದ ಸಸಿಯೇ ಉದ್ದ ಇರುತ್ತದೆ! "ಬಿಸಿಲು ಬೇಡವೇ ಬೇಡ" ಅಂತ ಮಕ್ಕಳು ಕೂಗುತ್ತಾರೆ. ಆ ಗಲಾಟೆಯೇ ಈ ಪಾಠದ ಒಳ್ಳೆಯ ಭಾಗ. ಬಣ್ಣ ನೋಡಿ ಅನ್ನಿ. ಕಾಂಡ ಬಿಳಿಚಿಕೊಂಡಿದೆ, ಬಳುಕುತ್ತಿದೆ, ಎಲೆ ಸರಿಯಾಗಿ ಬಿಚ್ಚಿಕೊಂಡಿಲ್ಲ. ಕಾಳಿನೊಳಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಅಷ್ಟನ್ನೂ ಖರ್ಚು ಮಾಡಿ ಸಸಿ ಬೆಳಕು ಹುಡುಕುತ್ತಾ ಉದ್ದ ಆಗಿದೆ. ಬುತ್ತಿ ಮುಗಿದ ಮೇಲೆ ಏನಾಗುತ್ತದೆ? ಉತ್ತರ ನೀವು ಹೇಳಬೇಡಿ. ಇನ್ನೂ ಸ್ವಲ್ಪ ದಿನ ಬಿಟ್ಟರೆ ಕುಂಡವೇ ಹೇಳುತ್ತದೆ.

ಇದಾದ ಮೇಲೆ ಉಳಿದದ್ದು ಸುಲಭ. ಸಮುದ್ರದ ನೀರನ್ನು ಆವಿ ಮಾಡಿ ಮೇಲೆತ್ತುವುದು ಬಿಸಿಲು, ಹಾಗಾಗಿ ಮಳೆಯೂ ಸೂರ್ಯನ ಕೆಲಸ. ನೆಲ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ, ಹಾಗಾಗಿ ಗಾಳಿ ಬೀಸುತ್ತದೆ. ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಹಿಂದೆ ಬಿಸಿಲು ಕುಡಿದ ಗಿಡಗಳೇ.

ದೂರ, ಗಾತ್ರ ಹೇಳಬೇಕೆನಿಸಿದರೆ ಅಂಗಳಕ್ಕೆ ಕರೆದುಕೊಂಡು ಹೋಗಿ. 15 ಕೋಟಿ ಕಿಲೋಮೀಟರ್ ಅಂತ ಬೋರ್ಡಿನ ಮೇಲೆ ಬರೆದರೆ ಸುಮ್ನೆ ಸೊನ್ನೆ ಎಣಿಸುತ್ತಾರೆ, ಅಷ್ಟೇ. ಒಂದು ಫುಟ್‌ಬಾಲ್ ಸೂರ್ಯನಾದರೆ ಭೂಮಿ 2 ಮಿಲಿಮೀಟರ್‌ನ ಸಾಸಿವೆ ಕಾಳು. ಚೆಂಡಿನಿಂದ ಸುಮಾರು 24 ಮೀಟರ್ ದೂರ ನಡೆದು ಕಾಳನ್ನು ಹಿಡಿದು ನಿಲ್ಲಬೇಕು. ಸೂರ್ಯನ ಬೆಳಕು ನಮ್ಮ ತನಕ ಬರಲು 8 ನಿಮಿಷದ ಮೇಲೆ 20 ಸೆಕೆಂಡು ಬೇಕು ಅನ್ನುವುದನ್ನೂ ಅಲ್ಲೇ ಹೇಳಿಬಿಡಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಹೊರಗೆ ಕರೆದೊಯ್ಯುವ ಮೊದಲೇ ಹೇಳಿ: ಸೂರ್ಯನನ್ನು ನೇರವಾಗಿ ನೋಡುವ ಹಾಗಿಲ್ಲ. ತಂಪು ಕನ್ನಡಕ ಹಾಕಿಕೊಂಡರೂ ಇಲ್ಲ. ದುರ್ಬೀನಿನಲ್ಲಂತೂ ಇಲ್ಲವೇ ಇಲ್ಲ. ಕಣ್ಣಿನ ಒಳಪರದೆ ಸುಟ್ಟರೂ ಆ ಕ್ಷಣ ನೋವು ಗೊತ್ತಾಗುವುದಿಲ್ಲ. ಮಕ್ಕಳು ನೆರಳನ್ನು ನೋಡಲಿ, ಬೆಳಿಗ್ಗೆ ಮತ್ತು ಮಧ್ಯಾಹ್ನ ಅದರ ಉದ್ದ ಗುರುತು ಹಾಕಲಿ.

"ಎಲ್ಲ ಜೀವಿಗಳಿಗೂ ಸೂರ್ಯ ಬೇಕೇ ಬೇಕಾ?" ಅಂತ ಚುರುಕಾದ ಮಗು ಕೇಳಬಹುದು. ಹೌದು ಅಂತ ಥಟ್ಟನೆ ಹೇಳಿಬಿಡಬೇಡಿ. 1977ರಲ್ಲಿ ಗಲಾಪಗೋಸ್ ದ್ವೀಪಗಳ ಹತ್ತಿರ, ಬಿಸಿಲೇ ಇಳಿಯದ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳು ಸಿಕ್ಕವು. ಸುತ್ತ ಚಿಪ್ಪುಜೀವಿಗಳು, ಉದ್ದದ ಕೊಳವೆ ಹುಳಗಳು ತುಂಬಿಕೊಂಡಿದ್ದವು. ಅಲ್ಲಿನ ಬ್ಯಾಕ್ಟೀರಿಯಾ ಬೆಳಕಿನ ಬದಲು ಬುಗ್ಗೆಯ ರಾಸಾಯನಿಕಗಳಿಂದ ಶಕ್ತಿ ಪಡೆದು ಆಹಾರ ಮಾಡುತ್ತವೆ. ಹಾಗಂತ ಆ ಹುಳಗಳೂ ಸೂರ್ಯನಿಂದ ಪೂರ್ತಿ ಬಿಡಿಸಿಕೊಂಡಿಲ್ಲ. ಅವುಗಳಿಗೆ ಬೇಕಾದ ಆಕ್ಸಿಜನ್ ನೀರಿನಲ್ಲಿ ಕರಗಿ ಬಂದದ್ದು, ಮೇಲೆ ಬಿಸಿಲಿನಲ್ಲಿರುವ ಹಸಿರು ಬಿಟ್ಟದ್ದು.