ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ವಾಸನೆ: ಆರ್‌ಒ ಇರುವ ಮನೆಗೂ ಕ್ಲೋರಿನ್ ಬೇಕೆ?

ಪ್ರಶ್ನೆ: ನಮ್ಮ ಮನೆ ವಿಜಯನಗರದಲ್ಲಿ. ಕಾವೇರಿ ನೀರು ಬಿಟ್ಟ ದಿನ ಸಂಪಿನ ಮುಚ್ಚಳ ತೆಗೆದರೆ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಈಗ ಮನೆಮನೆಗೂ ಆರ್‌ಒ ಇದೆಯಲ್ಲ, ಇನ್ನೂ ಯಾಕೆ ಈ ಕೆಮಿಕಲ್ ಹಾಕುತ್ತಾರೆ?

ಉತ್ತರ: ನಿಮ್ಮ ನೀರು ಶುದ್ಧವಾಗುವುದು ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಲ್ಲಿ. ಅಲ್ಲಿಂದ ಮೂರು ಹಂತದಲ್ಲಿ ಪಂಪ್ ಆಗಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಬರುತ್ತದೆ. ಘಟಕದಲ್ಲಿದ್ದ ರೋಗಾಣುಗಳನ್ನು ಕೊಂದರೆ ಕ್ಲೋರಿನ್ನಿನ ಅರ್ಧ ಕೆಲಸವಷ್ಟೇ ಮುಗಿದಂತೆ. ದಾರಿಯಲ್ಲಿ ಹೊಸದಾಗಿ ಸೇರಿಕೊಳ್ಳುವುದನ್ನು ಕೊಲ್ಲಲು ಅದು ನೀರಿನಲ್ಲಿ ಸ್ವಲ್ಪ ಉಳಿದಿರಲೇಬೇಕು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ತೆಳುವಾದ ವಾಸನೆ ಬಂದರೆ ನೆಮ್ಮದಿಯಾಗಿರಿ.

ಇಷ್ಟು ಸಣ್ಣ ವಿಷಯ ಜನರಿಗೆ ಒಪ್ಪಿಗೆಯಾಗಲು ಅರ್ಧ ಶತಮಾನವೇ ಹಿಡಿಯಿತು. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಬಂದಾಗ ಕೆಟ್ಟ ಗಾಳಿಯೇ ಕಾರಣವೆಂದು ಹೆಚ್ಚಿನ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಗುರುತಿಸುತ್ತಾ ಹೋದರು. ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಗುಂಪುಗೂಡಿದ್ದವು. ಪಂಪಿನ ಹಿಡಿ ಕಳಚಿಸಿದರು. ಆದರೆ ನೀರಿನಲ್ಲಿ ಇರುವುದಾದರೂ ಏನು? 1884ರಲ್ಲಿ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು, ಅಲ್ಲಿನ ಕೆರೆಯೊಂದರ ನೀರಿನಲ್ಲೂ ಅದನ್ನು ಕಂಡರು. ಅಷ್ಟಾದ ಮೇಲೂ ಕುಡಿಯುವ ನೀರಿಗೆ ಬ್ಲೀಚಿಂಗ್ ಹಾಕುವುದೆಂದರೆ ವಿಷ ಹಾಕಿದಂತೆ ಎಂಬ ಭಯ ಹೋಗಲಿಲ್ಲ. ಅಮೆರಿಕದ ಜೆರ್ಸಿ ಸಿಟಿಯಲ್ಲಿ 1908ರಲ್ಲಿ ಡಾಕ್ಟರ್ ಜಾನ್ ಲೀಲ್ ಊರಿಡೀ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸಿದಾಗ ಸಂಗತಿ ನ್ಯಾಯಾಲಯದಲ್ಲೇ ಇತ್ಯರ್ಥವಾಗಬೇಕಾಯಿತು. ತೀರ್ಪು ಕ್ಲೋರಿನ್ ಪರವಾಗಿ ಬಂತು.

ಇದರಿಂದ ಊರುಗಳ ಸ್ವರೂಪವೇ ಬದಲಾಯಿತು. ಬೆಂಗಳೂರಿನ ಪೇಟೆ ಒಂದು ಕಾಲಕ್ಕೆ ಬಾವಿಗಳನ್ನೂ ಈಗಿನ ಮೆಜೆಸ್ಟಿಕ್ ಜಾಗದಲ್ಲಿದ್ದ ಧರ್ಮಾಂಬುಧಿ ಕೆರೆಯನ್ನೂ ನಂಬಿಕೊಂಡಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1974ರಲ್ಲಿ ಕಾವೇರಿ ನೀರಿನ ಯೋಜನೆಯ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೇ ಹಂತ. ಲಕ್ಷಾಂತರ ಮನೆಗಳು ಒಂದೇ ನದಿಯ ನೀರು ಕುಡಿಯುವಾಗ ಒಂದು ಕಡೆ ಕೆಟ್ಟರೆ ಎಲ್ಲರಿಗೂ ಕೆಡುತ್ತದೆ. ಹಾಗಿದ್ದೂ ಒಂದೇ ನೀರನ್ನು ನಂಬಿ ಕುಡಿಯುವ ಧೈರ್ಯ ಕೊಟ್ಟಿದ್ದು ಸೋಸುವಿಕೆ ಮತ್ತು ಕ್ಲೋರಿನ್.

ಈಗ ನಿಮ್ಮ ಮನೆಗೆ ಬರೋಣ. ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಸೀಳು ಬಿಟ್ಟ ಜಾಗದಲ್ಲಿ ಪಕ್ಕದ ಒಳಚರಂಡಿಯ ನೀರು ಒಳಗೆ ಜಿನುಗುತ್ತದೆ. ಆದ್ದರಿಂದ ನೀರು ಬಿಟ್ಟಾಗ ಮೊದಲು ಬರುವ ಕದಡು ನೀರನ್ನು ಸಂಪಿಗೆ ಬಿಡದೆ ಹೊರಗೆ ಹರಿಸಿ. ಇನ್ನೊಂದು ತೊಂದರೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನು ಅದೇ ಸಂಪಿನಲ್ಲಿ ಬೆರೆಸುವುದು: ಅದರಲ್ಲಿನ ಕಬ್ಬಿಣ, ಕೊಳೆ ಇದ್ದಬದ್ದ ಕ್ಲೋರಿನ್ ತಿಂದುಹಾಕುತ್ತವೆ. ವಾಸನೆ ತೆಳುವಾಗಿರದೆ ಕಣ್ಣುರಿಸುವಷ್ಟು ಗಾಟಾಗಿದ್ದರೆ ಕ್ಲೋರಿನ್ ಹೆಚ್ಚಾಗಿದೆ ಎಂದೇ ತೀರ್ಮಾನಿಸಬೇಡಿ. ಚರಂಡಿ ನೀರಿನ ಅಮೋನಿಯಾ ಜೊತೆ ಕ್ಲೋರಿನ್ ಸೇರಿ ಕ್ಲೋರಮೀನ್ ಆದಾಗಲೂ ಅಂಥ ವಾಸನೆ ಬರುತ್ತದೆ; ಜಲಮಂಡಳಿಗೆ ದೂರು ಕೊಡಿ.

ಆರ್‌ಒ ಒಳಗೆ ಏನಾಗುತ್ತದೆ ಎಂದರೆ, ನೀರು ಸೋಸುವ ತೆಳು ಪದರಕ್ಕೆ, ಅಂದರೆ ಮೆಂಬ್ರೇನಿಗೆ, ಕ್ಲೋರಿನ್ ಆಗದು, ಹಾಗಾಗಿ ಮುಂಚಿನ ಕಾರ್ಬನ್ ಫಿಲ್ಟರ್ ಅದನ್ನು ತೆಗೆದುಬಿಡುತ್ತದೆ. ಯಂತ್ರದ ಟ್ಯಾಂಕಿನಲ್ಲಿ ನಿಂತ ನೀರಿಗೆ ಯಾವ ರಕ್ಷಣೆಯೂ ಇಲ್ಲ. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಆ ನೀರು ಪೂರ್ತಿ ಚೆಲ್ಲಿ. ಅಲ್ಲದೆ ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು, ಪಾತ್ರೆ ತೊಳೆಯುವುದು ಎಲ್ಲ ನಲ್ಲಿ ನೀರಿನಲ್ಲೇ.

ಟ್ಯಾಂಕರ್ ನೀರು ತುಂಬಿಸಿದ್ದರೆ ನೀವೇ ಕ್ಲೋರಿನ್ ಹಾಕಬಹುದು. ಶೇ. 25 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 4 ಗ್ರಾಂ ತೆಗೆದುಕೊಂಡರೆ 1000 ಲೀಟರಿಗೆ ಲೀಟರಿಗೊಂದು ಮಿಲಿಗ್ರಾಂ ಲೆಕ್ಕ. 6000 ಲೀಟರ್ ಸಂಪಿಗೆ 24 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಆಮೇಲೆ ನೀರು ತುಂಬಿಸಿ, ಪುಡಿಯಲ್ಲಿರುವ ಸುಣ್ಣ ತಳಕ್ಕೆ ಇಳಿಯಲು ಬಿಡಿ. ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಸುರಿದು ಕಲಕಿ, ಅರ್ಧ ಗಂಟೆ ಕಾಯಿರಿ. ನಂತರ ಕ್ಲೋರಿನ್ ಅಳೆಯುವ ಟೆಸ್ಟ್ ಕಿಟ್ಟಿನಲ್ಲಿ ನೋಡಿ. 0.2ಕ್ಕಿಂತ ಕಡಿಮೆ ಬಂದರೆ ಅರ್ಧದಷ್ಟು ಮತ್ತೆ ಹಾಕಿ ಪುನಃ ಪರೀಕ್ಷಿಸಿ. ನೀರು ಕದಡಾಗಿದ್ದರೆ ಮೊದಲು ತಿಳಿಯಾಗಲಿ, ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣು ಉಳಿದುಕೊಳ್ಳುತ್ತದೆ. ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿ ತಿಂಗಳುಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹತ್ತಿರ ಮಾತ್ರ ಇಡಲೇಬೇಡಿ. ಎರಡೂ ಬೆರೆತರೆ ಹೊರಬರುವುದು ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ.